ಲುಶೋಟೊದಲ್ಲಿ ನಾಲ್ಕನೇ ಜ್ವರ

ಕೊಳ್ಳೇಗಾಲ

ದೆಹಲಿಯ ಕಾಗದ ಬಂದಾಗ ನನ್ನ ತಂಗಿ ಕೆಂಪಮ್ಮ ಧನಗೆರೆಯಿಂದ ಬಂದು ನಮ್ಮ ಜಗಲಿಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಕಾಗದ ಇಂಗ್ಲಿಷಿನಲ್ಲಿತ್ತು. ಎರಡು ಸಲ ಓದಿಕೊಂಡು ಅವಳಿಗೆ ಅರ್ಥ ಹೇಳಿದೆ. ಟಾಂಜಾನಿಯಾ ಅನ್ನುವ ದೇಶದ ಬೆಟ್ಟದ ಹಳ್ಳಿಗಳಲ್ಲಿ ರೇಷ್ಮೆ ಬೆಳೆಯುವುದನ್ನು ಕಲಿಸಿಕೊಡಲು ನಮ್ಮ ಸರ್ಕಾರ ಒಪ್ಪಿಕೊಂಡಿದೆ. ಮೊಟ್ಟೆ ನಮ್ಮದು, ಸಾಮಾನು ನಮ್ಮದು, ಕಲಿಸುವವರೂ ನಮ್ಮವರೇ. ಐದು ವಾರದ ಮಟ್ಟಿಗೆ ಮಹದೇವಮ್ಮ, ಅಂದರೆ ನಾನು, ಹೊರಡಬೇಕು.

ನಾನು ದೊಡ್ಡ ಹುದ್ದೆಯವಳೇನಲ್ಲ. ರೇಷ್ಮೆ ಇಲಾಖೆಯಲ್ಲಿ ಪ್ರದರ್ಶಕಿಯಾಗಿದ್ದು ನಿವೃತ್ತಳಾದವಳು. ಕೊಳ್ಳೇಗಾಲ, ಹನೂರು, ಯಳಂದೂರಿನ ಹಳ್ಳಿಗಳನ್ನು ಸರ್ಕಾರಿ ಬಸ್ಸಿನಲ್ಲಿ ಸುತ್ತಿ, ಹುಳು ಸಾಕುವ ಮನೆಗಳ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಹೋಗಿ, ಸೊಪ್ಪು ಹೀಗೆ ಹಾಕಿ, ಹಾಗೆ ಹಾಕಬೇಡಿ ಎಂದು ಹೇಳುವುದರಲ್ಲೇ ನನ್ನ ಆಯಸ್ಸು ಕಳೆದಿದೆ. ಮದುವೆಯಾಗಲಿಲ್ಲ. ಹುಳುಗಳ ಜೊತೆ ಇದ್ದಷ್ಟು ಹೊತ್ತು ನಾನು ಮನುಷ್ಯರ ಜೊತೆ ಇದ್ದದ್ದೇ ಇಲ್ಲ.

"ನಮ್ಗೇ ಯಾರಾರ ಕೊಟ್ಟಾರಾ ಅಂತ ಬಾಯ್ ಬುಟ್ಕಂಡ್ ಕುಂತಿದ್ದೀವಿ. ನಮ್ ಸರ್ಕಾರ ಅವ್ರಿಗ್ ಕೊಟ್ಟದಾ?" ಅಂದಳು ಕೆಂಪಮ್ಮ. "ವಟ್ಟೆಗ್ ಇಟ್ಟಿಲ್ದೋದ್ರೂ ಜುಟ್ಟಿಗ್ ಮಲ್ಲಿಗೆ ಊವ."

"ಮುಯ್ಯಿ ಅನ್ಕೊ ಕಣೇ," ಅಂದೆ. "ಜಪಾನ್ನೋರು ಬಂದು ನಮ್ಗ್ ಕಲ್ಸ್ಲಿಲ್ವಾ? ಅದ್ನೇ ಇನ್ನೊಬ್ರಿಗ್ ಕೊಡದು."

"ಆಕ್ದೋರ್ ಒಬ್ರು, ತಕಳೋರ್ ಇನ್ನೊಬ್ರು. ಅದ್ಯಾವ್ ಸೀಮೆ ಮುಯ್ಯಿ ಅಕ್ಕ!"

ಅವಳ ಲೆಕ್ಕಕ್ಕೆ ನಕ್ಕುಬಿಟ್ಟೆ. ಆದರೆ ನಾನು ಹೇಳಿದ್ದು ಸುಳ್ಳಲ್ಲ. ನಾನು ಕೆಲಸಕ್ಕೆ ಸೇರಿದ ಕಾಲದಲ್ಲಿ ನಮ್ಮ ಸೀಮೆಗೆ ಜಪಾನಿನ ತಜ್ಞರು ಬಂದಿದ್ದರು. ಅವರಲ್ಲಿ ಒಬ್ಬರು, ತೆಳ್ಳಗಿನ ಮನುಷ್ಯ, ಧನಗೆರೆಯಲ್ಲಿ ನಮ್ಮ ಅವ್ವನ ಹುಳುಮನೆಗೂ ಬಂದು ಕೂತಿದ್ದರು. ಅವರ ಸರ್ಕಾರ ಅವರನ್ನು ಕಳಿಸಿತ್ತು, ಈಗ ನಮ್ಮ ಸರ್ಕಾರ ನನ್ನನ್ನು ಕಳಿಸುತ್ತಿತ್ತು. ಕಾಗದ ಮಡಿಸಿ ಒಳಗಿಡುವಾಗ ಎದೆ ಹಗುರವಾಗಿತ್ತು.

ದೆಹಲಿ

ದೆಹಲಿಯಲ್ಲಿ ಅರ್ಧ ದಿನ ಪಾಠ. ಕಚೇರಿಯಲ್ಲಿ ತಣ್ಣಗಿತ್ತು, ನನಗೆ ತೂಕಡಿಕೆ. ನನಗೆ ಮಗಳಿದ್ದಿದ್ದರೆ ಅವಳ ವಯಸ್ಸಿನ ಅಧಿಕಾರಿಣಿಯೊಬ್ಬರು ನೆರವು ಎಂದರೇನು ಎಂದು ಬಿಡಿಸಿ ಹೇಳಿದರು. ನಾವು ಕೈಗೆ ಹಣ ಕೊಡುವುದಿಲ್ಲ. ಜನರನ್ನು ಕಳಿಸುತ್ತೇವೆ, ಯಂತ್ರ ಕಳಿಸುತ್ತೇವೆ, ಅವರ ಮಕ್ಕಳಿಗೆ ನಮ್ಮ ಕಾಲೇಜುಗಳಲ್ಲಿ ಜಾಗ ಕೊಡುತ್ತೇವೆ. ಎಲ್ಲಕ್ಕಿಂತ ಮುಖ್ಯ, ಅವರಾಗಿ ಕೇಳಿದರೆ ಮಾತ್ರ ಕೊಡುತ್ತೇವೆ. ಇಂಥದ್ದು ಬೇಕು ಎಂದು ಅವರ ಸರ್ಕಾರ ಕಾಗದ ಬರೆಯಬೇಕು, ಅದು ನಮ್ಮ ರಾಯಭಾರ ಕಚೇರಿಯ ಮೂಲಕ ಇಲ್ಲಿಗೆ ಬರಬೇಕು, ಆಮೇಲೆ ಮಂಜೂರಾತಿ.

"ಕೇಳದೆ ಕೊಟ್ಟರೆ ಏನಾಗುತ್ತದೆ ಮೇಡಂ?" ಅಂದೆ.

ಅವರು ನಕ್ಕರು. "ಆಡಿಟ್ ಆಗುತ್ತದೆ," ಅಂದರು.

ಒಂದು ತಂಪುಪೆಟ್ಟಿಗೆಯಲ್ಲಿ ಮೊಟ್ಟೆಯ ಹಾಳೆಗಳನ್ನು ಇಟ್ಟು ನನ್ನ ಕೈಗೆ ಕೊಟ್ಟರು. ವಿಮಾನದುದ್ದಕ್ಕೂ ಅದನ್ನು ಕಾಲಿನ ನಡುವೆ ಇಟ್ಟುಕೊಂಡಿದ್ದೆ. ಕೆಳಗೆ ಸಮುದ್ರ, ಅದರ ಮೇಲೆ ಮೋಡ, ಮೋಡದ ಮೇಲೆ ನಾನು, ನನ್ನ ಕಾಲ ಬಳಿ ಇನ್ನೂ ಹುಟ್ಟದ ಸಾವಿರಾರು ಹುಳುಗಳು. ಮಧ್ಯೆ ಒಮ್ಮೆ ಕಣ್ಣು ಹತ್ತಿದಾಗ ಅವ್ವ ಬಂದು, ಸೊಪ್ಪು ತಂದೆಯಾ ಎಂದು ಕೇಳಿದ ಹಾಗಾಯಿತು.

ದಾರ್ ಎಸ್ ಸಲಾಮ್

"ನಮಸ್ಕಾರ ಮೇಡಂ. ಊಟ ಆಯ್ತಾ?"

ವಿಮಾನ ನಿಲ್ದಾಣದ ಹೊರಗೆ ಈ ಮಾತು ಕಿವಿಗೆ ಬಿದ್ದಾಗ ನಾನು ಸುತ್ತ ಕನ್ನಡದವರು ಯಾರಿದ್ದಾರೆಂದು ಹುಡುಕಿದೆ. ಹೇಳಿದವರು ಎದುರಿಗೇ ನಿಂತಿದ್ದರು. ನಲವತ್ತು ದಾಟಿದ ಬೋಳುತಲೆಯ ಮನುಷ್ಯ, ಹೆಸರು ಜುಮಾ, ಆ ದೇಶದ ಕೃಷಿ ಅಧಿಕಾರಿ. ಹಿಂದೆ ನಮ್ಮ ಸರ್ಕಾರದ ವಿದ್ಯಾರ್ಥಿವೇತನದಲ್ಲಿ ಮೈಸೂರಿಗೆ ಬಂದು ಮೂರು ವರ್ಷ ಓದಿದ್ದರಂತೆ. ಕನ್ನಡ ಎಲ್ಲಿ ಕಲಿತಿರಿ ಅಂದರೆ, "ಅರ್ಧ ಹಾಸ್ಟೆಲ್, ಅರ್ಧ ಆಸ್ಪತ್ರೆ," ಅಂದರು. ಅಲ್ಲಿದ್ದಾಗ ಒಮ್ಮೆ ಜ್ವರ ಬಂದು ಎರಡು ವಾರ ಮಲಗಿದ್ದರಂತೆ. ಪಕ್ಕದ ಹಾಸಿಗೆಯ ಅಜ್ಜ ದಿನವೂ ಮಾತಾಡಿಸಿ ಮಾತಾಡಿಸಿ ಕಲಿಸಿದನಂತೆ. ಈ ಆಸ್ಪತ್ರೆಯ ಕನ್ನಡವೇ ಮುಂದೆ ನಮ್ಮನ್ನು ಹಳ್ಳಕ್ಕೆ ಕೆಡವುತ್ತದೆಂದು ಅವತ್ತು ಇಬ್ಬರಿಗೂ ಗೊತ್ತಿರಲಿಲ್ಲ.

ಭಾರತದಿಂದ ಹಡಗಿನಲ್ಲಿ ಬಂದಿದ್ದ ಹುಳು ಸಾಕುವ ತಟ್ಟೆಗಳು ಬಂದರಿನಲ್ಲೇ ಸಿಕ್ಕಿಕೊಂಡಿದ್ದವು. ಯಾವುದೋ ಒಂದು ಸಹಿ ಬಾಕಿ. ತಟ್ಟೆಗಳ ಮೇಲೆ ಅಂಟಿಸಬೇಕಾದ 'ಭಾರತದ ಕೊಡುಗೆ' ಎಂಬ ಚೀಟಿಗಳು ಮಾತ್ರ ವಿಮಾನದಲ್ಲಿ ಮೊದಲೇ ಬಂದು ನನಗಾಗಿ ಕಾಯುತ್ತಿದ್ದವು. ಎರಡು ಕಟ್ಟು. ಚೀಲಕ್ಕೆ ಹಾಕಿಕೊಂಡೆ.

ಮೊಂಬೊ ದಾಟಿ ಮೇಲಕ್ಕೆ

ಬಸ್ಸು ಹೊರಟು ಊರು ಮುಗಿದ ಮೇಲೆ ಕತ್ತಾಳೆ ಶುರುವಾಯಿತು. ನಮ್ಮಲ್ಲಿ ಹೊಲದ ಬದುವಿನಲ್ಲಿ ದನ ನುಗ್ಗದಿರಲೆಂದು ಹಾಕುತ್ತೇವಲ್ಲ, ಅದೇ ಕತ್ತಾಳೆ. ಇಲ್ಲಿ ಅದೇ ಬೆಳೆ. ಸಾಲು ಸಾಲಾಗಿ ಕಣ್ಣು ಹೋದಷ್ಟು ದೂರ. ಬೇಲಿಯೇ ಎದ್ದು ಹೊಲದೊಳಗೆ ಬಂದು ಯಜಮಾನಿಕೆ ಮಾಡುತ್ತಿರುವ ಹಾಗೆ ಕಂಡಿತು. ಗಂಟೆಗಟ್ಟಲೆ ಅದನ್ನೇ ನೋಡುತ್ತ ನಾನು ಎಚ್ಚರವೋ ನಿದ್ದೆಯೋ ತಿಳಿಯದ ಸ್ಥಿತಿಗೆ ಬಂದಿದ್ದೆ.

ಮೊಂಬೊ ಅನ್ನುವಲ್ಲಿ ಬಸ್ಸು ತಿರುಗಿ ಬೆಟ್ಟ ಹತ್ತಿತು. ಹನೂರು ದಾಟಿ ತಾಳಬೆಟ್ಟದ ತಿರುವುಗಳಲ್ಲಿ ಬಸ್ಸು ಉಸಿರುಗಟ್ಟಿ ಹತ್ತುವ ಹಾಗೇ ಇಲ್ಲೂ. ಒಂದು ಪಕ್ಕ ಬಂಡೆ, ಇನ್ನೊಂದು ಪಕ್ಕ ಏನೂ ಇಲ್ಲ. ಮಂಜು ಕಿಟಕಿಯಿಂದ ಒಳಗೆ ಬಂದು ನನ್ನ ಸೆರಗಿನ ಮೇಲೆ ಕೂತಿತು. ಪಕ್ಕದ ಹೆಂಗಸು ತನ್ನ ಮಡಿಲಲ್ಲಿದ್ದ ಕೋಳಿಯನ್ನು ಕೇಳದೆಯೇ ನನ್ನ ಮಡಿಲಿಗೆ ದಾಟಿಸಿ, ಕೈಚೀಲ ಸರಿಮಾಡಿಕೊಂಡು, ಮತ್ತೆ ವಾಪಸ್ಸು ತೆಗೆದುಕೊಂಡಳು. ಆ ಕೋಳಿಯ ಬಿಸುಪು ಲುಶೋಟೊ ಮುಟ್ಟುವವರೆಗೂ ನನ್ನ ತೊಡೆಯ ಮೇಲಿತ್ತು.

ಮಾಮಾ ಆಶಾಳ ಮನೆ

ಲುಶೋಟೊದಿಂದ ಇನ್ನೂ ಮೇಲೆ ಒಂದು ಹಳ್ಳಿ. ಹಿಪ್ಪುನೇರಳೆ ಗಿಡಗಳನ್ನು ಹಿಂದಿನ ವರ್ಷವೇ ನೆಡಿಸಿದ್ದರು. ಎಲೆ ಅಂಗೈ ಅಗಲ ಬಂದಿದ್ದವು, ನಮ್ಮ ಕಡೆಯ ಸೊಪ್ಪು ನಾಚಬೇಕು. ಹುಳು ಸಾಕಲು ಮೊದಲಿಗೆ ಒಪ್ಪಿದವಳು ಮಾಮಾ ಆಶಾ. ಆ ಊರಿನಲ್ಲಿ ಹೆಂಗಸನ್ನು ಹೆಸರು ಹಿಡಿದು ಕರೆಯುವುದಿಲ್ಲ, ಹಿರಿಯ ಮಗುವಿನ ಹೆಸರು ಹೇಳಿ ಅದರ ತಾಯಿ ಎನ್ನುತ್ತಾರೆ. ಇದ್ದ ಒಂದೇ ಒಳ್ಳೆಯ ಕೋಣೆಯನ್ನು ಹುಳುವಿಗೆಂದು ಖಾಲಿಮಾಡಿ, ತನ್ನ ಮಂಚವನ್ನು ಅಡುಗೆಮನೆಗೆ ಎಳೆದುಕೊಂಡು ಕಾಯುತ್ತಿದ್ದಳು. ಅವಳ ಬೆಳೆ ಗೆದ್ದರೆ ಎಂಟು ಮನೆಗಳಿಗೆ ಭಾರತದಿಂದ ಮೊಟ್ಟೆ ಬರುತ್ತದೆ, ಸೋತರೆ ಆ ಊರಿನ ಹೆಸರು ಪಟ್ಟಿಯಿಂದ ಹೋಗುತ್ತದೆ. ಇದು ಅವಳಿಗೂ ಗೊತ್ತಿತ್ತು, ಉಳಿದ ಎಂಟು ಮನೆಯವರಿಗೂ ಗೊತ್ತಿತ್ತು.

ನಾನು ಇಳಿದ ಕೂಡಲೆ ಅವಳು ಎರಡೂ ಅಂಗೈ ಮುಂದೆ ಚಾಚಿ, "ವಾದುದು? ವಾದುದು?" ಅಂದಳು. ನನಗೆ ಕೇಳಿಸಿದ್ದು ದುಡ್ಡು. ದೆಹಲಿಯ ಪಾಠ ನೆನಪಾಗಿ ಮುಖ ಬಿಗಿದುಕೊಂಡು, "ದುಡ್ಡು ಗಿಡ್ಡು ಕೊಡಲ್ಲ ಅಂತ ಹೇಳಿ ಜುಮಾ ಅವರೇ," ಅಂದೆ. ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. ವಾದುದು ಅಂದರೆ ಹುಳುಗಳಂತೆ. ಹುಳು ಎಲ್ಲಿ, ಕೊಡು ಎಂದು ಅವಳು ಕೈ ಚಾಚಿದ್ದಳು. ಕಪ್ಪು ಜನ ಕೈ ಚಾಚಿದರೆ ಅದು ಹಣಕ್ಕೇ ಎಂದು ನನ್ನ ಮನಸ್ಸು ಅದೆಷ್ಟು ಬೇಗ ತೀರ್ಮಾನ ಮಾಡಿಬಿಟ್ಟಿತು! ಬಹಳ ನಾಚಿಕೆಯಾಯಿತು. ಮೊಟ್ಟೆಯ ಹಾಳೆಯನ್ನು ನಾನೇ ಅವಳ ಅಂಗೈ ಮೇಲಿಟ್ಟೆ.

ಊಟಕ್ಕೆ ಉಗಾಲಿ. ನೋಡಲು ಬಿಳಿಯ ಮುದ್ದೆ, ಜೊತೆಗೆ ದಂಟಿನ ಸೊಪ್ಪಿನ ಸಾರು. ಮುದ್ದೆ ಸಿಕ್ಕಿತಲ್ಲ ಎಂಬ ಸಂತೋಷದಲ್ಲಿ ಮುರಿದು, ಸಾರಿನಲ್ಲಿ ಅದ್ದಿ, ಅಗಿಯದೆ ನುಂಗಿದೆ. ಅದು ರಾಗಿಯ ಹಾಗೆ ಜಾರುವ ಜಾತಿಯಲ್ಲ. ಗಂಟಲಲ್ಲಿ ನಿಂತಿತು. ಮಾಮಾ ಆಶಾ ಬೆನ್ನಿಗೆ ಗುದ್ದಿ ಗುದ್ದಿ ನೀರು ಕುಡಿಸಿದಳು. ಹಲ್ಲಿರುವ ಹೆಂಗಸು ಅನ್ನವನ್ನು ಇಡಿಯಾಗಿ ನುಂಗುತ್ತಾಳೆ ಎಂಬ ಸುದ್ದಿ ಸಂಜೆಯೊಳಗೆ ಊರೆಲ್ಲ ಮುಟ್ಟಿತ್ತು.

ತಟ್ಟೆಗಳಿಲ್ಲದ್ದಕ್ಕೆ ಅವಳು ಅಟ್ಟದಿಂದ ತನ್ನ ಅಜ್ಜಿಯ ಕಾಲದ ದುಂಡು ಮೊರಗಳನ್ನು ಇಳಿಸಿದಳು. ಸೊಗಸಾಗಿದ್ದವು. ದಾರ್ ಎಸ್ ಸಲಾಮಿನ ಯೋಜನಾ ಕಚೇರಿಗೆ ಫೋಟೊ ಬೇಕಿತ್ತು, ಚೀಟಿ ಅಂಟಿಸಿಯೇ ತೆಗೆಯಬೇಕೆಂದು ಕಟ್ಟಪ್ಪಣೆ. ಅಂಟಿಸಿದೆ. ಏನು ಬರೆದಿದೆ ಎಂದು ಅವಳು ಕೇಳಿದಳು. ಜುಮಾ ಹೇಳಿದಾಗ ಮೊರವನ್ನು ಸೊಂಟಕ್ಕೆ ಒರಗಿಸಿಕೊಂಡು, "ನನ್ನ ಅಜ್ಜಿ ಭಾರತಕ್ಕೆ ಯಾವಾಗ ಹೋಗಿದ್ದಳೋ!" ಅಂದು ನಕ್ಕಳು.

ನಿನ್ನ ಹಿರಿಯ ಮಗುವಿನ ಹೆಸರೇನು ಎಂದು ನನ್ನನ್ನೂ ಕೇಳಿದಳು. ಮಕ್ಕಳಿಲ್ಲ ಅಂದೆ. ಅವಳು ಮೊಟ್ಟೆಯ ಹಾಳೆಯ ಕಡೆ ನೋಡಿ, "ಮಾಮಾ ಹರೀರಿ" ಅಂದಳು. ಹರೀರಿ ಎಂದರೆ ರೇಷ್ಮೆ. ಅಂದಿನಿಂದ ಆ ಬೆಟ್ಟದಲ್ಲಿ ನಾನು ರೇಷ್ಮೆಯ ತಾಯಿ. ಮೂವತ್ತು ವರ್ಷ ಹುದ್ದೆಯಲ್ಲಿದ್ದು ನನಗೆ ಯಾರೂ ಹೀಗೆ ಹೆಸರಿಟ್ಟಿರಲಿಲ್ಲ. ಗಿಡದ ನಡುವೆ ಹೋಗಿ ಸೊಪ್ಪು ಕೊಯ್ಯುವ ನೆಪದಲ್ಲಿ ಅತ್ತುಬಂದೆ.

ಹದಿನೆಂಟನೆಯ ದಿನ

ಹುಳು ಬೆಳೆಯುವಾಗ ನಾಲ್ಕು ಸಲ ಹಳೆಯ ಚರ್ಮ ಬಿಡುತ್ತದೆ. ಪ್ರತಿ ಸಲವೂ ಒಂದು ದಿನ ತಿನ್ನದೆ, ಅಲುಗದೆ, ತಲೆ ಎತ್ತಿ ಹಾಗೇ ಇರುತ್ತದೆ. ಇದನ್ನು ನಮ್ಮ ಕಡೆ ಜ್ವರ ಅನ್ನುತ್ತಾರೆ. ಒಂದನೇ ಜ್ವರ, ಎರಡನೇ ಜ್ವರ. ರೋಗವಲ್ಲ, ಹೆಸರಷ್ಟೆ. ನಮ್ಮವರಿಗೆ ಅದರಲ್ಲಿ ಗಾಬರಿಯೇನಿಲ್ಲ. ಎಳೆ ಹುಳುವಿಗೆ ಸೋಂಕು ತಗಲದಿರಲೆಂದು ಯಾರನ್ನೂ, ಜುಮಾರನ್ನೂ, ಒಳಗೆ ಬಿಡದೆ ಮೊದಲ ಮೂರು ಜ್ವರವನ್ನು ನಾನು ಇಳಿದುಕೊಂಡಿದ್ದ ಕೋಣೆಯಲ್ಲೇ ಕಳೆದಿದ್ದೆ, ಹುಳು ಗಟ್ಟಿಯಾದ ಮೇಲೆ ಮಾಮಾ ಆಶಾಳಿಗೆ ವಹಿಸಿದ್ದೆ. ಹಾಗಾಗಿ ಊರಿನವರು ನೋಡಿದ ಮೊದಲ ಜ್ವರ ನಾಲ್ಕನೆಯದೇ.

ಮೊಟ್ಟೆ ಒಡೆದ ಹದಿನೆಂಟನೆಯ ದಿನ ಬೆಳಿಗ್ಗೆ ಹೋದಾಗ ಮೊರಗಳಲ್ಲಿ ಸದ್ದೇ ಇಲ್ಲ. ಹಿಂದಿನ ಸಂಜೆಯಿಂದಲೇ ಮೇವು ಬಿಟ್ಟಿದ್ದ ಹುಳುಗಳು ತಲೆ ಎತ್ತಿ ಕಲ್ಲಾಗಿದ್ದವು. ಬಾಗಿಲಿನಿಂದ ಮಂಜು ಒಳಗೆ ಬರುತ್ತಿತ್ತು. ಎಷ್ಟು ವರ್ಷ ನೋಡಿದರೂ ಆ ನಿಶ್ಶಬ್ದಕ್ಕೆ ನನ್ನ ಮೈ ಹಗುರವಾಗುತ್ತದೆ, ಕಾಲು ನೆಲ ಮುಟ್ಟುವುದಿಲ್ಲ. ಆ ಗುಂಗಿನಲ್ಲೇ ಜುಮಾಗೆ, "ಎಲ್ಲಕ್ಕೂ ಜ್ವರ. ಇವತ್ತು ಸೊಪ್ಪು ಹಾಕೋ ಹಾಗಿಲ್ಲ," ಅಂದೆ.

ಅವರ ಮುಖ ಕಪ್ಪಿಟ್ಟಿತು. ಹೊರಗಿದ್ದವರಿಗೆ ಹೇಳಿದರು. ಜನ "ಹೋಮಾ, ಹೋಮಾ" ಎಂದು ಪಿಸುಗುಟ್ಟಿದರು. ಪಾಪ, ಒಳ್ಳೆಯದಾಗಲೆಂದು ಹೋಮ ಮಾಡಿಸುತ್ತಾರೇನೋ ಎಂದುಕೊಂಡು ನಾನು, "ಹೋಮ ಬೇಡ, ಹೊಗೆ ಹುಳಕ್ಕೆ ಆಗಲ್ಲ," ಎಂದು ನಗುನಗುತ್ತಾ ಕೈ ಆಡಿಸಿದೆ. ಜುಮಾ ಎಂದಿನಂತೆ ದಿನದ ವರದಿಯನ್ನು ಯೋಜನಾ ಕಚೇರಿಗೆ ಫೋನಿನಲ್ಲಿ ಬರೆದು ಕಳಿಸಿದರು.

ಗಂಟೆಯೊಳಗೆ ಉತ್ತರ ಬಂತು. ಹೊರದೇಶದಿಂದ ತಂದ ಜೀವಕ್ಕೆ ರೋಗ ಕಂಡಿದೆ, ಇಂದೇ ಸುಡಬೇಕು. ಜಿಲ್ಲೆಯ ಇನ್‌ಸ್ಪೆಕ್ಟರು ಸೀಮೆಎಣ್ಣೆ ಸಮೇತ ಹೊರಟಿದ್ದಾರೆ. ಇನ್ನೊಂದು ಗಂಟೆಗೆ ದೆಹಲಿಯ ಅದೇ ಅಧಿಕಾರಿಣಿಯ ಫೋನು: "ಎರಡು ದೇಶದ ವಿಷಯ ಮೇಡಂ, ವಾದ ಮಾಡಬೇಡಿ, ಸಹಕರಿಸಿ."

"ನೀವು ಏನಂತ ಬರೆದ್ರಿ?" ಅಂದೆ ಜುಮಾಗೆ.

"ನೀವು ಹೇಳಿದ್ದೇ. ಜ್ವರ. ನಮ್ಮ ಭಾಷೆಯಲ್ಲಿ ಹೋಮಾ." ಅವರು ಫೋನನ್ನು ನನ್ನ ಕಡೆ ತಿರುಗಿಸಿದರು. "ಮೇಡಂ, ನನಗೆ ಮೈಸೂರಲ್ಲಿ ಬಂದಿತ್ತಲ್ಲ, ಅದೇ ಜ್ವರ ಅಲ್ವಾ?"

ಅವರದೇನು ತಪ್ಪು? ಧನಗೆರೆಯಲ್ಲಿ ನನ್ನ ಕಣ್ಣೆದುರಿಗೇ ಇದು ನಡೆದಿತ್ತು. "ಉಳಕ್ಕೆ ಜರ ಬಂದದೆ ಕಣಪ್ಪಾ," ಎಂದು ಅವ್ವ ಅಂದಾಗ ಆ ಜಪಾನಿನ ಮನುಷ್ಯ ಗಾಬರಿಯಾಗಿ ಹುಳುಮನೆಗೆ ನುಗ್ಗಿದ್ದರು. ನೋಡಿ, ತಲೆ ಚಚ್ಚಿಕೊಂಡು ನಕ್ಕು, "ನಮ್ಮಲ್ಲಿ ಇದಕ್ಕೆ ನಿದ್ದೆ ಅನ್ನುತ್ತೇವೆ," ಅಂದಿದ್ದರು. ಆ ದಿನ ನಾನೂ ನಕ್ಕಿದ್ದೆ. ಪಾಠ ಕಲಿಸಲು ಸಮುದ್ರ ದಾಟಿ ಬಂದವಳು, ತನಗೆ ಕಲಿಸಿದ್ದನ್ನೇ ಮರೆತಿದ್ದೆ.

ಇದು ರೋಗವಲ್ಲ ಎಂದು ನಾನು ಬಿಡಿಸಿ ಹೇಳಿದ ಮೇಲೆ ಜುಮಾ ಕಚೇರಿಗೆ ಮತ್ತೆ ಮತ್ತೆ ಫೋನು ಮಾಡಿದರು. ಅಲ್ಲಿಂದ ಒಂದೇ ಉತ್ತರ: ಬರೆದ ಆದೇಶ ಬರೆದದ್ದೇ, ಇನ್‌ಸ್ಪೆಕ್ಟರು ಕಣ್ಣಾರೆ ನೋಡಿ ಬೇಡವೆಂದರೆ ಮಾತ್ರ ಬೇಡ. ಹುಳು ಏಳುವುದು ಸಂಜೆಯ ಹೊತ್ತಿಗೆ. ಜೀಪು ಬರುವುದು ಮಧ್ಯಾಹ್ನಕ್ಕೆ.

ಅದೇ ಮಧ್ಯಾಹ್ನ

ಇನ್‌ಸ್ಪೆಕ್ಟರು ಉದ್ದನೆಯ ಹಿರಿಯರು, ತಲೆಗೆ ಬಿಳಿಯ ಟೋಪಿ. ಸೀಮೆಎಣ್ಣೆಯ ಡಬ್ಬ ಜೀಪಿನಲ್ಲೇ ಇತ್ತು. ಮಾಮಾ ಆಶಾ ಬಾಗಿಲಿಗೆ ಅಡ್ಡ ನಿಂತಳು. ಜಗಳಕ್ಕಲ್ಲ. ಬೂಟು ಬಿಚ್ಚಿ, ಸುಣ್ಣದ ನೀರಲ್ಲಿ ಕಾಲು ತೊಳೆಯಿರಿ ಎಂದು ಹೇಳುವುದಕ್ಕೆ. ನಾನು ಕಲಿಸಿದ ನಿಯಮವನ್ನು ಅಂಥ ಗಳಿಗೆಯಲ್ಲೂ ಅವಳು ಬಿಡಲಿಲ್ಲ. ಅವರು ಬಿಚ್ಚಿದರು, ತೊಳೆದರು, ಬರಿಗಾಲಲ್ಲಿ ಒಳಗೆ ಬಂದರು.

ಹತ್ತಾರು ಮೊರ, ಸಾವಿರಾರು ತಲೆ. ಎಲ್ಲವೂ ಎತ್ತಿಕೊಂಡು, ಎಲ್ಲವೂ ಸುಮ್ಮನೆ. ನಾನು ಇಂಗ್ಲಿಷಿನಲ್ಲಿ ಏನೋ ತೊದಲಿದೆ. ಅವರು ನನ್ನ ಕಡೆ ನೋಡಲೇ ಇಲ್ಲ. ಮಾಮಾ ಆಶಾಳನ್ನು ಕೇಳಿದರು, ಇವು ಏನು ಮಾಡುತ್ತಿವೆ?

ಅವಳು ಹುಳುಗಳ ಕಡೆಗೆ ತಿರುಗಿ, ಮೆಲ್ಲಗೆ ಅಂದಳು: "ವನಾಓಂಬಾ."

"ಬೇಡ್ತಾ ಇದಾವೆ," ಅಂದರು ಜುಮಾ ನನ್ನ ಕಿವಿಯಲ್ಲಿ.

"ಏನ್ ಬೇಡ್ತಾವೆ? ಯಾರನ್ನ?"

"ದೇವರನ್ನ. ನಮ್ಮಲ್ಲಿ ಕೇಳೋದು, ಬೇಡೋದು, ಪ್ರಾರ್ಥನೆ ಎಲ್ಲ ಒಂದೇ ಮಾತು ಮೇಡಂ."

ನಮ್ಮಲ್ಲೂ ಹಾಗೇ ಅಲ್ಲವೇ. ಭಿಕ್ಷೆ ಬೇಡುವುದೂ ಬೇಡುವುದೇ, ದೇವರನ್ನು ಬೇಡಿಕೊಳ್ಳುವುದೂ ಅದೇ. ಇಷ್ಟು ವರ್ಷ ಹುಳುವಿನ ಜೊತೆ ಬದುಕಿ ನಾನದನ್ನು ಜ್ವರ ಅಂದೆ, ಕೆಲವೇ ದಿನದಲ್ಲಿ ಅವಳು ಅದರ ಮುಖ ಓದಿದ್ದಳು.

"ಪ್ರಾರ್ಥನೆಯಲ್ಲಿ ಇರುವವರನ್ನು ಸುಡುತ್ತೀರಾ?" ಎಂದು ಅವಳು ಕೇಳಿದಳು. "ಮುಗಿಯುವವರೆಗೆ ಕಾಯಿರಿ."

ಇನ್‌ಸ್ಪೆಕ್ಟರು ಒಂದೊಂದು ಮೊರವನ್ನೂ ಬಗ್ಗಿ ನೋಡಿದರು. ಆಮೇಲೆ ಚಾಪೆಯ ಮೇಲೆ ಕೂತರು. ನಾವೂ ಕೂತೆವು. ಮಂಜು ಬಂತು, ಹೋಯಿತು. ಕೆಳಗಿನ ಮಸೀದಿಯಿಂದ ಕರೆ ಕೇಳಿದಾಗ ಅವರು ಎದ್ದು ಹೋಗಿ, ತಮ್ಮ ನಮಾಜು ಮುಗಿಸಿ, ಮತ್ತೆ ಕಾಲು ತೊಳೆದುಕೊಂಡು ಬಂದು ಅದೇ ಜಾಗದಲ್ಲಿ ಕೂತರು. ನನಗೆ ಒಮ್ಮೆ ಧನಗೆರೆಯ ಹುಳುಮನೆಯಲ್ಲೇ ಇದ್ದೇನೆ ಅನ್ನಿಸಿತು, ಅವ್ವ ಹೊರಗೆ ಸೊಪ್ಪು ಕತ್ತರಿಸುತ್ತಿದ್ದಾಳೆ, ಚಾಪೆಯ ಮೇಲೆ ಕೂತವರು ಆ ಜಪಾನಿನವರು.

ಬೆಳಕು ಹಳದಿಯಾಗುವ ಹೊತ್ತಿಗೆ ಅಂಚಿನ ಮೊರದಲ್ಲಿ ಒಂದು ಹುಳು ಮೈ ಕೊಡವಿತು. ಹಳೆಯ ಚರ್ಮ ಕಾಲುಚೀಲದ ಹಾಗೆ ಹಿಂದಕ್ಕೆ ಜಾರಿತು. ಹೊಸ ಮುಖ, ತೆಳು ಬಣ್ಣ. ಮಾಮಾ ಆಶಾ ಬೆರಳು ತೋರಿದಳು. ಇನ್ನೊಂದು ಎದ್ದಿತು, ಮತ್ತೊಂದು. ಬಹುಪಾಲು ಏಳುವ ತನಕ ಕಾದು, ಸೊಪ್ಪು ಹಾಕು ಎಂದು ಕಣ್ಸನ್ನೆ ಮಾಡಿದೆ. ಹಾಕಿದಳು. ಮೊದಲು ಏನೂ ಕೇಳಲಿಲ್ಲ. ಆಮೇಲೆ ಮೇಯುವ ಸದ್ದು ಶುರುವಾಗಿ ಕೋಣೆ ತುಂಬಿತು.

ಇನ್‌ಸ್ಪೆಕ್ಟರು ಆದೇಶದ ಹಿಂಬದಿಯಲ್ಲೇ ಒಂದು ಸಾಲು ಬರೆದು ಸಹಿ ಹಾಕಿದರು: ಆರೋಗ್ಯವಾಗಿವೆ. ಹೊರಡುವಾಗ ಮಾಮಾ ಆಶಾ ಆ ಸೀಮೆಎಣ್ಣೆಯನ್ನು ತನ್ನ ಸ್ಟೌವಿಗೆ ಕೊಟ್ಟುಹೋಗಿ ಎಂದು ಕೇಳಿದಳು. ಕೊಟ್ಟರು. ಅದಕ್ಕೆ ಕಾಗದ ಬೇಕಿರಲಿಲ್ಲ.

ಧನಗೆರೆ

ಮಾಮಾ ಆಶಾಳ ಹುಳುಗಳು ಗೂಡು ಕಟ್ಟಿದವು, ಎಂಟು ಮನೆಗೂ ಮೊಟ್ಟೆ ಮಂಜೂರಾಯಿತು. ತಟ್ಟೆಗಳು ನಾನು ಬೆಟ್ಟ ಇಳಿದ ದಿನ ಬೆಟ್ಟ ಹತ್ತಿದವು. ಮೊಂಬೊದಲ್ಲಿ ಲಾರಿ ಎದುರಾಯಿತು, ಕೈ ಬೀಸಿದೆ.

ಊರಿಗೆ ಬಂದು ನಾಲ್ಕು ತಿಂಗಳ ಮೇಲೆ ಧನಗೆರೆಯಲ್ಲಿ ಕೆಂಪಮ್ಮನ ಹುಳುಮನೆಯಲ್ಲಿದ್ದೆ. ಅವಳ ಹುಳುವೂ ನಾಲ್ಕನೇ ಜ್ವರದಲ್ಲಿತ್ತು. ಫೋನು ಬಂತು. ದೆಹಲಿಯ ಅಧಿಕಾರಿಣಿ.

"ಮೇಡಂ, ಲುಶೋಟೊದಿಂದ ವರದಿ ಬಂದಿದೆ, ಇಂಗ್ಲಿಷಿಗೆ ಮಾಡಿಸಿದ್ದೇವೆ. ಎಂಟು ಮನೆಯಲ್ಲೂ ಕೇಳುತ್ತಿದ್ದಾರೆ ಎಂದಿದೆ. ಏನನ್ನು ಕೇಳುತ್ತಿದ್ದಾರೆ ಎಂದು ಬರೆದಿಲ್ಲ. ಕೇಳಿದ್ದರೆ ಕಾಗದ ಬೇಕಲ್ಲ? ನಿಮಗೇನಾದರೂ ಗೊತ್ತೇ?"

ನಗು ಬಂತು, ಕಣ್ಣೂ ತುಂಬಿತು. "ಏನೂ ಕಳಿಸಬೇಡಿ ಮೇಡಂ," ಅಂದೆ. "ಯಾರೂ ಬೆಂಕಿ ಹಚ್ಚದೆ ಒಂದು ದಿನ ಸುಮ್ಮನಿದ್ದರೆ ಸಾಕು. ನಾಳೆ ಏಳುತ್ತವೆ."

ಅವರಿಗೆ ಎಲ್ಲವನ್ನೂ ಬಿಡಿಸಿ ಹೇಳಿ ಫೋನು ಇಟ್ಟೆ. ಕೆಂಪಮ್ಮ ಸೊಂಟದ ಮೇಲೆ ಕೈಯಿಟ್ಟು ನಿಂತು ಕೇಳಿಸಿಕೊಂಡಿದ್ದಳು. ಅವಳಿಗೂ ವನಾಓಂಬಾ ಅನ್ನುವ ಆ ಮಾತಿನ ಕಥೆ ಹೇಳಿದೆ. ಅವಳು ಬಗ್ಗಿ ತಟ್ಟೆಯೊಳಗೆ ಬಹಳ ಹೊತ್ತು ನೋಡಿದಳು.

ಅಷ್ಟರಲ್ಲಿ ಪಕ್ಕದ ಮನೆಯ ಸಿದ್ದ ಬಾಗಿಲಿಗೆ ಬಂದು, "ಕೆಂಪಕ್ಕಾ, ಉಳ ಯಂಗವೆ?" ಎಂದು ಕೂಗಿದ.

ಕೆಂಪಮ್ಮ ತುಟಿಯ ಮೇಲೆ ಬೆರಳಿಟ್ಟಳು.

"ಬೇಡ್ಕತಾವೆ ಕಣ್ಲಾ," ಅಂದಳು. "ಆಮ್ಯಾಕ್ ಬಾ."